ಜಾಗ ಬಿಟ್ಟ ಹಾಡು

ಆ ಹಾಡಿಗೆ ಮೊದಲೂ ಇರಲಿಲ್ಲ, ಕೊನೆಯೂ ಇರಲಿಲ್ಲ. ನನಗೆ ಸಿಕ್ಕಿದ್ದೇ ಹಾಗೆ.

ಅಕ್ಕನ ಜೊತೆ ಓದುತ್ತಿದ್ದವರೊಬ್ಬರು ಕೊಟ್ಟ ಕ್ಯಾಸೆಟ್ ಅದು. ಮೇಲೆ ಹೆಸರಿಲ್ಲ, ಹಾಡುಗಳ ಪಟ್ಟಿ ಇಲ್ಲ. ಯಾವುದೋ ಡಿಜೆ ಒಂದರ ಬೆನ್ನಿಗೆ ಒಂದು ಅಂಟಿಸಿ ನಿಲ್ಲದ ಹಾಗೆ ಓಡಿಸಿದ ಡ್ಯಾನ್ಸ್ ಹಾಡುಗಳು. ಎರಡನೇ ಬದಿಯ ಕೊನೆಯಲ್ಲಿ, ಹಿಂದಿನ ಹಾಡಿನ ಡ್ರಮ್ ಇನ್ನೂ ಬಡಿಯುತ್ತಿರುವಾಗಲೇ ಇದು ಒಳಗೆ ಬರುತ್ತಿತ್ತು. ಅದು ಎಲ್ಲಿ ಮುಗಿಯಿತು, ಇದು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸುವ ಹಾಗಿರಲಿಲ್ಲ. ಒಬ್ಬ ಹೆಂಗಸಿನ ತುಂಬು ದನಿ. ಕೆಳಗೆ ಸಮನಾಗಿ ಬೀಳುವ ಪೆಟ್ಟು. ಆ ದನಿ ಇನ್ನೇನು ಮೇಲೇರುತ್ತದೆ ಅನ್ನುವಾಗ ಟಪ್ ಅಂತ ಟೇಪ್ ಮುಗಿಯುತ್ತಿತ್ತು. ತಿರುಗಿಸಿ, ಹಿಂದಕ್ಕೆ ಸುತ್ತಿ, ಮತ್ತೆ ಕೇಳುತ್ತಿದ್ದೆ. ಮತ್ತೆ ಅದೇ ಜಾಗದಲ್ಲಿ ಟಪ್.

ಹೆಸರು ಗೊತ್ತಾಗಿದ್ದು ವರ್ಷಗಳ ಮೇಲೆ. 'ಆಲ್ವೇಸ್ ದೇರ್'. ಹಾಡಿದವರು ಜಾಸ್ಲಿನ್ ಬ್ರೌನ್. ಬ್ಯಾಂಡು ಲಂಡನ್ನಿನ ಇನ್ಕಾಗ್ನಿಟೊ. ಕ್ಲಬ್ಬುಗಳಿಗೆಂದು ಅದನ್ನು ರೀಮಿಕ್ಸ್ ಮಾಡಿದವರು ನ್ಯೂಯಾರ್ಕಿನ ಡೇವಿಡ್ ಮೊರಾಲೆಸ್. ವರ್ಷ 1991. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು 6ನೇ ಸ್ಥಾನದವರೆಗೆ ಹೋಗಿತ್ತು. ಇಷ್ಟು ತಿಳಿದಾಗ ಹಾಡಿನ ಕಥೆ ಮುಗಿಯಿತು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ನಾನು ಹಿಡಿದಿದ್ದು ಬಾಲ ಮಾತ್ರ. ಅದನ್ನು ಹಿಡಿದುಕೊಂಡು ಹಿಂದಕ್ಕೆ ಹೋದರೆ 1975ಕ್ಕೆ ಮುಟ್ಟುತ್ತೇನೆ, ಅಲ್ಲಿ ಜಾಸ್ಲಿನ್ ಬ್ರೌನ್ ಇಲ್ಲ, ಆ ಪೆಟ್ಟಿಲ್ಲ, ಒಂದು ಸ್ಯಾಕ್ಸೊಫೋನ್ ಇದೆ.

ರಾನಿ ಲಾಸ್. ಟೆಕ್ಸಾಸಿನ ಹ್ಯೂಸ್ಟನ್‌ನವರು. ಅಣ್ಣ ಹ್ಯೂಬರ್ಟ್ ಲಾಸ್ ಆಗಲೇ ಹೆಸರು ಮಾಡಿದ್ದ ಕೊಳಲು ವಾದಕ. ರಾನಿ ಸ್ವಲ್ಪ ಕಾಲ ಅರ್ಥ್, ವಿಂಡ್ ಅಂಡ್ ಫೈರ್ ಬ್ಯಾಂಡಿನಲ್ಲಿ ನುಡಿಸಿದ್ದರು. 1975ರಲ್ಲಿ ಅವರ ಮೊದಲ ಆಲ್ಬಮ್ 'ಪ್ರೆಶರ್ ಸೆನ್ಸಿಟಿವ್' ಬ್ಲೂ ನೋಟ್ ಕಂಪನಿಯಿಂದ ಬಂತು. ಅದರ ನಿರ್ಮಾಪಕ ವೇಯ್ನ್ ಹೆಂಡರ್ಸನ್, ಕ್ರುಸೇಡರ್ಸ್ ಬ್ಯಾಂಡನ್ನು ಕಟ್ಟಿದವರಲ್ಲಿ ಒಬ್ಬರು, ಟ್ರಾಂಬೋನ್ ವಾದಕ, ಅವರೂ ಹ್ಯೂಸ್ಟನ್‌ನವರೇ. ಆಲ್ಬಮ್ಮಿನ ಮೊದಲ ಟ್ರ್ಯಾಕ್ 'ಆಲ್ವೇಸ್ ದೇರ್'. ಸುಮಾರು ಐದು ನಿಮಿಷ. ಒಂದು ಮಾತಿಲ್ಲ.

ಮೊದಲ ಸಲ ಇದನ್ನು ಕೇಳಿದ್ದು ರಾತ್ರಿ, ಹೆಡ್‌ಫೋನ್ ಹಾಕಿಕೊಂಡು. ರೀಮಿಕ್ಸಿನಲ್ಲಿ ಆ ಹೆಂಗಸು ಹಾಡುವ ರಾಗವನ್ನೇ ಇಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿತ್ತು. ನನಗೆ ಮೈ ಜುಮ್ಮೆಂದಿತು. ಬಹಳ ವರ್ಷದಿಂದ ಬಲ್ಲ ಒಬ್ಬರ ಮುಖವನ್ನು ಅವರ ಅಜ್ಜಿಯ ಫೋಟೊದಲ್ಲಿ ನೋಡಿದ ಹಾಗೆ.

ಎರಡನೇ ಸಲ, ಮೂರನೇ ಸಲ ಕೇಳಿದಾಗ ಇನ್ನೊಂದು ಕಂಡಿತು. ರಾನಿ ಲಾಸ್ ಆ ರಾಗವನ್ನು ಒಂದೇ ಉಸಿರಿಗೆ ಎಳೆಯುವುದಿಲ್ಲ. ಒಂದು ಚಿಕ್ಕ ಮಾತು ಆಡಿ ನಿಲ್ಲುತ್ತಾರೆ. ಕೆಳಗೆ ಕೀಬೋರ್ಡು, ಗಿಟಾರು, ಬೇಸು ಆ ಖಾಲಿಯನ್ನು ತುಂಬುತ್ತವೆ. ಮತ್ತೆ ಒಂದು ಮಾತು. ಮತ್ತೆ ನಿಲುಗಡೆ. ಯಾರೊಂದಿಗೋ ಮಾತಾಡುತ್ತಾ ಅವರ ಉತ್ತರಕ್ಕೆ ಕಾಯುವ ರೀತಿ. ಗಾಳಿ ವಾದ್ಯ ನುಡಿಸುವವರು ಉಸಿರು ತೆಗೆದುಕೊಳ್ಳಲೇಬೇಕು, ನಿಜ. ಆದರೆ ಇದು ಬರೀ ಉಸಿರಿಗಾಗಿ ನಿಂತದ್ದಲ್ಲ. ಜಾಗ ಬಿಟ್ಟದ್ದು. ಈ ಹಾಡಿನ ಮುಂದಿನ ಬದುಕೆಲ್ಲ ಆ ಜಾಗದಲ್ಲೇ ಬೆಳೆಯಿತು ಅಂತ ನನಗೆ ಅನ್ನಿಸುತ್ತದೆ.

ಆಗ ಬ್ಲೂ ನೋಟ್ ಬಗ್ಗೆ ಗೊಣಗಾಟ ಬಹಳ ಇತ್ತು. 1939ರಲ್ಲಿ ಶುರುವಾಗಿ ಜಾಝ್‌ನ ದೊಡ್ಡ ದೊಡ್ಡ ರೆಕಾರ್ಡುಗಳನ್ನು ತಂದ ಕಂಪನಿ ಅದು. 1973ರಲ್ಲಿ ಟ್ರಂಪೆಟ್ ವಾದಕ ಡಾನಲ್ಡ್ ಬರ್ಡ್ ಅಲ್ಲಿ 'ಬ್ಲ್ಯಾಕ್ ಬರ್ಡ್' ತಂದರು. ಬೇಸು, ಡ್ರಮ್ಮು ಮುಂದೆ ನಿಲ್ಲುವ ಫಂಕ್ ಸಂಗೀತದ ನಡೆ, ಹಾಡುವ ದನಿಗಳು, ಕುಣಿಯುವಂಥ ಡ್ರಮ್. ಹಳೆಯ ಜಾಝ್ ಅಭಿಮಾನಿಗಳು ಮುಖ ತಿರುಗಿಸಿದರು, ಆಲ್ಬಮ್ ಮಾತ್ರ ಕಂಪನಿಯ ಹಿಂದಿನ ಎಲ್ಲಾ ಆಲ್ಬಮ್ಮುಗಳಿಗಿಂತ ಜಾಸ್ತಿ ಮಾರಾಟವಾಯಿತು. ರಾನಿ ಲಾಸ್ ಬಂದದ್ದು ಆ ಬಾಗಿಲು ತೆರೆದ ಮೇಲೆ. ಜಾಝ್ ಹಾಳಾಯಿತು ಅನ್ನುವ ಮಾತನ್ನು ಇವತ್ತಿಗೂ ಕೇಳುತ್ತೇನೆ. ನಾನು ಒಪ್ಪುವುದಿಲ್ಲ. ಜಾಝ್ ಶುರುವಿನಲ್ಲಿ ಕುಣಿತದ ಸಂಗೀತವೇ ಆಗಿತ್ತು, ಅಲ್ವಾ? ನಡುವೆ ಕೆಲವು ದಶಕ ಕುರ್ಚಿಯಲ್ಲಿ ಕೂತು ಕೇಳುವ ಸಂಗೀತವಾಯಿತು. ಜಾಝ್-ಫಂಕ್ ಅದನ್ನು ಕುರ್ಚಿಯಿಂದ ಎಬ್ಬಿಸಿತು, ಅಷ್ಟೇ.

ಮರುವರ್ಷವೇ, 1976ರಲ್ಲಿ, ಸೈಡ್ ಎಫೆಕ್ಟ್ ಅನ್ನುವ ಗುಂಪು ಇದಕ್ಕೆ ಮಾತು ಸೇರಿಸಿ ಹಾಡಿತು. ಸ್ಯಾಕ್ಸೊಫೋನ್ ನುಡಿಸಿದ ಚಿಕ್ಕ ಚಿಕ್ಕ ಮಾತುಗಳಿಗೆ ಈಗ ನಿಜವಾಗಿ ಮಾತು ಬಂತು. ಎಂದೆಂದಿಗೂ ನಿನ್ನ ಜೊತೆಗೇ ಇರುತ್ತೇನೆ ಅನ್ನುವ ಪ್ರೀತಿಯ ಭರವಸೆ. ಬರಿ ರಾಗಕ್ಕೆ ಆಮೇಲೆ ಸಾಹಿತ್ಯ ಕೂರಿಸಿದರೆ ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಎಳೆದಂತೆ ಕೇಳಿಸುತ್ತದೆ. ಇಲ್ಲಿ ಹಾಗಾಗಲಿಲ್ಲ. ಮೊದಲೇ ಬಿಟ್ಟಿದ್ದ ಜಾಗದಲ್ಲಿ ಕೋರಸ್ಸು ಆರಾಮವಾಗಿ ಬಂದು ಕೂತಿತು.

ಇಲ್ಲಿ ಅಕ್ಕನ ಮಾತು ಹೇಳಲೇಬೇಕು. 1991ರ ಹಾಡಿನ ಉದ್ದನೆಯ ಕ್ಲಬ್ ಆವೃತ್ತಿ ಕೊನೆಗೂ ಪೂರ್ತಿ ಸಿಕ್ಕಾಗ ಅವಳಿಗೇ ಮೊದಲು ಹಾಕಿದೆ. ಕ್ಯಾಸೆಟ್ ಬಂದಿದ್ದು ಅವಳಿಂದ ತಾನೇ. ಅವಳು ಹೆಡ್‌ಫೋನ್ ಕಿವಿಗಿಟ್ಟು ಸ್ವಲ್ಪ ಹೊತ್ತು ಕೂತಳು. ಆಮೇಲೆ ಒಂದು ಕಿವಿ ತೆರೆದು ಕೇಳಿದಳು:

"ಏನೋ ಇದು, ಡ್ರಮ್ಮೇ ಬಡೀತಾ ಇದೆ. ಹಾಡು ಯಾವಾಗ ಶುರುವಾಗೋದು?"

"ಶುರುವಾಗಿದೆ ಅಕ್ಕಾ. ಇದೂ ಹಾಡೇ."

"ಇದ್ಯಾಕೆ ಇಷ್ಟು ಉದ್ದ ಮತ್ತೆ?"

ಬಹಳ ಒಳ್ಳೆಯ ಪ್ರಶ್ನೆ. ಅವಳಿಗೆ ಆವತ್ತು ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ.

ಕುಣಿತದ ಕೋಣೆಯಲ್ಲಿ ಹಾಡು ಒಂಟಿಯಾಗಿ ಬರುವುದಿಲ್ಲ. ಒಂದು ಹಾಡು ಓಡುತ್ತಿರುವಾಗಲೇ ಡಿಜೆ ಇನ್ನೊಂದನ್ನು ಎರಡನೇ ಟರ್ನ್‌ಟೇಬಲ್ ಮೇಲೆ ಇಟ್ಟು, ಹೆಡ್‌ಫೋನಿನಲ್ಲಿ ಕೇಳುತ್ತಾ, ವೇಗ ಹೊಂದಿಸಿ, ಪೆಟ್ಟಿಗೆ ಪೆಟ್ಟು ಕೂರಿಸಿ ಮೆಲ್ಲಗೆ ಒಳಗೆ ತರಬೇಕು. ಆಗ ಎರಡರಲ್ಲೂ ರಾಗ ಇದ್ದರೆ ಶ್ರುತಿ ಜಗಳ ಆಡುತ್ತದೆ. ಎರಡರಲ್ಲೂ ಮಾತು ಇದ್ದರೆ ಸಂತೆಯಾಗುತ್ತದೆ. ಬರೀ ಡ್ರಮ್ ಇದ್ದರೆ ಯಾವ ಜಗಳವೂ ಇಲ್ಲ. ನಾಲ್ಕು ಪೆಟ್ಟಿನ ಆವರ್ತ ಒಂದು. ನಿಮಿಷಕ್ಕೆ 120 ಪೆಟ್ಟು ಅಂದರೆ ಒಂದು ಆವರ್ತಕ್ಕೆ ಎರಡು ಸೆಕೆಂಡ್. 32 ಆವರ್ತದ ಪೀಠಿಕೆ ಇಟ್ಟರೆ 64 ಸೆಕೆಂಡ್. ಮನೆಯಲ್ಲಿ ಕೂತವರಿಗೆ ಅದು ಉದ್ದ. ಡಿಜೆಗೆ ಅದು ಕೈಯಾಡಿಸಲು ಸಿಗುವ ಜಾಗ. ಕೊನೆಯಲ್ಲೂ ಅಷ್ಟೇ, ಮುಂದಿನ ಹಾಡು ಒಳಗೆ ಬರಲಿ ಅಂತ ಡ್ರಮ್ ಮಾತ್ರ ಉಳಿಯುತ್ತದೆ.

ನನ್ನ ಕ್ಯಾಸೆಟ್ಟಿನ ಹಾಡಿಗೆ ಮೊದಲಿಲ್ಲ ಅಂದೆನಲ್ಲ, ಅದು ಇದಕ್ಕೇ. ಆ ರೀಮಿಕ್ಸಿನ ತುದಿಗಳು ಅದಕ್ಕೇ ಸೇರಿದವಲ್ಲ. ಪಕ್ಕದ ಹಾಡಿಗೂ ಸೇರಿದವು. ಆಲ್ಬಮ್ ಟ್ರ್ಯಾಕಿಗೆ ನಾಲ್ಕು ಗೋಡೆ ಇರುತ್ತದೆ. ಕ್ಲಬ್ ರೀಮಿಕ್ಸಿಗೆ ಎರಡು ಕಡೆ ಬಾಗಿಲು ಇರುತ್ತದೆ.

ಈ ಬಾಗಿಲು ಇಟ್ಟವರಲ್ಲಿ ಮೊದಲಿಗರು ಟಾಮ್ ಮೋಲ್ಟನ್. 1970ರ ದಶಕದ ಆರಂಭ. ನ್ಯೂಯಾರ್ಕಿಗೆ ಹತ್ತಿರದ ಫೈರ್ ಐಲೆಂಡಿನ ಒಂದು ಬಾರಿನಲ್ಲಿ ಜನ ಕುಣಿಯುವುದನ್ನು ಅವರು ನೋಡುತ್ತಾ ನಿಂತಿದ್ದರು. ಮೈ ಬಿಸಿಯೇರಿ ಕುಣಿತ ಹದಕ್ಕೆ ಬರುವ ಹೊತ್ತಿಗೆ ಸರಿಯಾಗಿ ಮೂರು ನಿಮಿಷದ ಹಾಡು ಮುಗಿದುಹೋಗುತ್ತಿತ್ತು. ಮುಂದಿನ ಹಾಡು ಬೇರೆ ವೇಗದಲ್ಲಿ ಬಂದಾಗ ಜನ ಕೆಳಗಿಳಿದು ಹೋಗುತ್ತಿದ್ದರು. ಮೋಲ್ಟನ್ ಮನೆಗೆ ಹೋಗಿ, ಟೇಪ್ ಕತ್ತರಿಸಿ ಅಂಟಿಸಿ, ವೇಗ ಹೊಂದಿಸಿ, ನಿಲ್ಲದೆ ಓಡುವ ಟೇಪ್ ಮಾಡಿದರು. ಅದಕ್ಕೆ ಅವರಿಗೆ ದಿನಗಟ್ಟಲೆ ಹಿಡಿಯಿತು. ನನಗೆ ಈ ಕಥೆ ತುಂಬಾ ಇಷ್ಟ. ರೀಮಿಕ್ಸ್ ಹುಟ್ಟಿದ್ದು ಯಂತ್ರ ನೋಡಿ ಅಲ್ಲ, ಜನರ ಕಾಲು ನೋಡಿ.

ಹನ್ನೆರಡು ಇಂಚಿನ ಸಿಂಗಲ್, ಅಂದರೆ ಒಂದು ಬದಿಗೆ ಒಂದೇ ಹಾಡಿರುವ ದೊಡ್ಡ ತಟ್ಟೆ, ಬಂದದ್ದೂ ಅವರಿಂದಲೇ, ಅದೂ ಆಕಸ್ಮಿಕವಾಗಿ. ಅವರ ಒಂದು ಮಿಕ್ಸನ್ನು ತಟ್ಟೆಗೆ ಕೊರೆಯಬೇಕಿತ್ತು. ಕೊರೆಯುವ ಎಂಜಿನಿಯರ್ ಹೋಸೆ ರಾಡ್ರಿಗೆಝ್ ಹತ್ತಿರ ಏಳು ಇಂಚಿನ ಖಾಲಿ ತಟ್ಟೆ ಮುಗಿದಿತ್ತು. ಹತ್ತು ಇಂಚಿನದರಲ್ಲಿ ಕೊರೆದರು. ಹಾಡು ಅಷ್ಟು ದೊಡ್ಡ ತಟ್ಟೆಯ ಅಂಚಿನಲ್ಲಿ ಒಂದು ಬಳೆಯಷ್ಟಾಯಿತು, ಉಳಿದದ್ದೆಲ್ಲ ಖಾಲಿ. ನೋಡೋಕೆ ಚೆನ್ನಾಗಿಲ್ಲ, ಮುಳ್ಳು ಓಡುವ ಗೀರುಗಳನ್ನು ಹರಡಿ ಅಂದರು ಮೋಲ್ಟನ್. ಗೀರು ಹರಡಿದರೆ ದನಿಯನ್ನೂ ಏರಿಸಬೇಕಾಗುತ್ತದೆ ಅಂದರು ಎಂಜಿನಿಯರ್. ಏರಿಸಿದರು. ಬಂದ ಸದ್ದು ಕೇಳಿ ಇಬ್ಬರಿಗೂ ಗೊತ್ತಾಯಿತು, ಇನ್ನು ಹಿಂದಕ್ಕೆ ಹೋಗುವ ಹಾಗಿಲ್ಲ ಅಂತ. ಹತ್ತು ಇಂಚು ಬೇಗ ಹನ್ನೆರಡಾಯಿತು. 1976ರಲ್ಲಿ ಸ್ಯಾಲ್‌ಸೋಲ್ ಕಂಪನಿ ವಾಲ್ಟರ್ ಗಿಬನ್ಸ್ ಅನ್ನುವ ಯುವ ಡಿಜೆಯ ಕೈಗೆ ಒಂದು ಹಾಡು ಕೊಟ್ಟಿತು. ಅವರು ಅದನ್ನು ಒಂಬತ್ತು ನಿಮಿಷ ದಾಟಿಸಿದರು. ಅಂಗಡಿಯಲ್ಲಿ ಎಲ್ಲರಿಗೂ ಸಿಗುವ ಹನ್ನೆರಡು ಇಂಚಿನ ಸಿಂಗಲ್ ಅಂತ ಬಂದ ಮೊದಲನೆಯದು ಅದು.

ಗೀರು ಹರಡಿದರೆ ಸದ್ದು ಯಾಕೆ ಬೆಳೆಯುತ್ತದೆ? ಇದು ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಮಂದ್ರದ ಸದ್ದು, ಅಂದರೆ ಬೇಸು ಮತ್ತು ಕಾಲಿನಿಂದ ಬಡಿಯುವ ಕಿಕ್ ಡ್ರಮ್, ಗೀರಿನಲ್ಲಿ ಅಗಲವಾಗಿ ಎಡಕ್ಕೂ ಬಲಕ್ಕೂ ತೂಗಾಡುತ್ತದೆ. ಜೋರಾದಷ್ಟೂ ತೂಗಾಟ ಅಗಲ. ಎಲ್‌ಪಿಯ, ಅಂದರೆ ಪೂರ್ತಿ ಆಲ್ಬಮ್ ಇರುವ ತಟ್ಟೆಯ, ಒಂದು ಬದಿಯಲ್ಲಿ ಇಪ್ಪತ್ತು ನಿಮಿಷದ ಸಂಗೀತ ಹಿಡಿಸಬೇಕು. ಗೀರುಗಳು ಒತ್ತೊತ್ತಾಗಿ ಕೂರಬೇಕು. ಒಂದು ಜೋರಾಗಿ ತೂಗಾಡಿದರೆ ಪಕ್ಕದ ಗೀರಿಗೆ ತಗಲುತ್ತದೆ, ಮುಳ್ಳು ಹಾರುತ್ತದೆ. ಹಾಗಾಗಿ ಬೇಸನ್ನು ತಗ್ಗಿಸಿ ಕೊರೆಯುತ್ತಾರೆ. ಜೊತೆಗೆ ಇನ್ನೊಂದು ತೊಂದರೆ. ತಟ್ಟೆ ತಿರುಗುವ ವೇಗ ಒಂದೇ ಆದರೂ ಹೊರ ಅಂಚಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಓಡಿದರೆ, ಒಳಗೆ ಲೇಬಲ್ಲಿನ ಹತ್ತಿರ 20 ಸೆಂಟಿಮೀಟರ್ ಆಸುಪಾಸಿಗೆ ಇಳಿದುಬಿಡುತ್ತದೆ. ಅಷ್ಟೇ ಸಂಗೀತ ಕಡಿಮೆ ಉದ್ದದಲ್ಲಿ ತುರುಕಿದ ಹಾಗೆ. ಡ್ರಮ್ಮಿನ ಜೊತೆಗಿರುವ ಜೋಡಿ ತಾಳದ, ಅಂದರೆ ಹೈ-ಹ್ಯಾಟಿನ, ಹೊಳಪು ಮಾಸುತ್ತದೆ. ಒಂದೇ ಹಾಡಿಗೆ ಪೂರ್ತಿ ಬದಿ ಕೊಟ್ಟು, ಬೇಕಾದರೆ ನಿಮಿಷಕ್ಕೆ 33 ಸುತ್ತಿನ ಬದಲು 45 ಸುತ್ತಿನ ವೇಗದಲ್ಲಿ ಓಡಿಸಿದರೆ ಈ ಎಲ್ಲಾ ಇಕ್ಕಟ್ಟು ಬಿಡುಗಡೆಯಾಗುತ್ತದೆ. ಅಲ್ಲೂ ಅದೇ ಮಾತು ನೋಡಿ, ಜಾಗ.

ಅಕ್ಕ ಇಷ್ಟನ್ನೂ ತಾಳ್ಮೆಯಿಂದ ಕೇಳಿದಳು. "ಸರಿ, ಮತ್ತೆ ಹಾಕು" ಅಂದಳು.

ಹಾಡು ಅಮೆರಿಕದಿಂದ ಲಂಡನ್ನಿಗೆ ಹೋದದ್ದು ಹೇಗೆ ಅಂದರೆ, ಬ್ರಿಟನ್ನಿನಲ್ಲಿ ಆಗ ಜಾಝ್-ಫಂಕ್‌ಗೆ ಪ್ರಾಣ ಬಿಡುವ ಒಂದು ದೊಡ್ಡ ಬಳಗವೇ ಇತ್ತು. 1970ರ ದಶಕದ ಕೊನೆಯಲ್ಲಿ ದಕ್ಷಿಣ ಇಂಗ್ಲೆಂಡಿನ ಯುವಕರು ಅಮೆರಿಕದಿಂದ ಬಂದ ರೆಕಾರ್ಡುಗಳಿಗೆ ಕಾದು ಕೂರುತ್ತಿದ್ದರು. ಕ್ಯಾನ್ವಿ ಐಲೆಂಡಿನ ಗೋಲ್ಡ್‌ಮೈನ್ ಕ್ಲಬ್ಬು, ದಿನವಿಡೀ ನಡೆಯುವ ಕುಣಿತಗಳು, 1979ರಿಂದ ಕೈಸ್ಟರ್ ಅನ್ನುವ ಊರಿನ ಕುಣಿತದ ವಾರಾಂತ್ಯಗಳು. ಅಮೆರಿಕದಲ್ಲಿ ಆಲ್ಬಮ್ಮಿನ ಒಂದು ಮೂಲೆಯಲ್ಲಿ ಕೂತಿದ್ದ ಟ್ರ್ಯಾಕು ಅಲ್ಲಿ ಎಲ್ಲರೂ ಬಲ್ಲ ಹಾಡಾಗುತ್ತಿತ್ತು. ಕಾಲಿನ ಕೆಲಸ ನೋಡಬೇಕು ಅಂದರೆ ಆ ಕಾಲದ ಜಾಝ್ ಡ್ಯಾನ್ಸರ್‌ಗಳ ಹಳೆಯ ವಿಡಿಯೊ ಸಿಕ್ಕರೆ ಬಿಡಬೇಡಿ. ನೆಲಕ್ಕೆ ತಾಗಿಯೂ ತಾಗದ ಹಾಗೆ ಓಡುವ ಪಾದಗಳು. ಸ್ಯಾಕ್ಸೊಫೋನಿನ ಒಂದೊಂದು ಸ್ವರಕ್ಕೂ ಒಂದೊಂದು ಹೆಜ್ಜೆ.

ಆ ಬಳಗದಿಂದಲೇ ಬಂದವರು ಬ್ಲೂಯಿ. ಪೂರ್ತಿ ಹೆಸರು ಝಾನ್-ಪಾಲ್ ಮಾನಿಕ್. ಮಾರಿಷಸ್‌ನಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಲಂಡನ್ನಿಗೆ ಬಂದವರು, ಗಿಟಾರ್ ವಾದಕ. ಲೈಟ್ ಆಫ್ ದ ವರ್ಲ್ಡ್ ಅನ್ನುವ ಬ್ಯಾಂಡಿನಿಂದ ಹೊರಬಂದು ಇನ್ಕಾಗ್ನಿಟೊ ಕಟ್ಟಿದರು. 1981ರಲ್ಲಿ ಬಂದ ಮೊದಲ ಆಲ್ಬಮ್ಮಿನ ಹೆಸರೇ 'ಜಾಝ್ ಫಂಕ್'. ಮುಂದಿನ ಆಲ್ಬಮ್ಮಿಗೆ ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷದ ಬಗ್ಗೆ ನಾನು ಆಗಾಗ ಯೋಚಿಸುತ್ತೇನೆ. ತಾನು ಪ್ರೀತಿಸಿದ ಸಂಗೀತ ಫ್ಯಾಷನ್ನಿನಿಂದ ಹೊರಗಾದ ಮೇಲೂ ಅದನ್ನು ಕೈಬಿಡದೆ ಇರುವುದು ಸಣ್ಣ ಮಾತಲ್ಲ. ಕೊನೆಗೆ ಡಿಜೆ ಜೈಲ್ಸ್ ಪೀಟರ್ಸನ್ ಅವರ ಟಾಕಿನ್ ಲೌಡ್ ರೆಕಾರ್ಡ್ ಕಂಪನಿ ಬಂತು. ಪೀಟರ್ಸನ್ ಮತ್ತು ಪ್ಯಾಟ್ರಿಕ್ ಫೋರ್ಜ್ ಲಂಡನ್ನಿನ ಕ್ಯಾಮ್ಡೆನ್‌ನಲ್ಲಿ ಡಿಂಗ್ವಾಲ್ಸ್ ಅನ್ನುವ ಜಾಗದಲ್ಲಿ ಭಾನುವಾರ ಮಧ್ಯಾಹ್ನ ಹಳೆಯ ಜಾಝ್, ಫಂಕ್ ರೆಕಾರ್ಡುಗಳನ್ನು ಹಾಕುತ್ತಿದ್ದರು, ತುಂಬಿದ ಕೋಣೆ ಹಾಡಿನ ಹುಟ್ಟಿದ ವರ್ಷ ಕೇಳದೆ ಕುಣಿಯುತ್ತಿತ್ತು. 1991ರ 'ಇನ್‌ಸೈಡ್ ಲೈಫ್' ಆಲ್ಬಮ್ಮಿನೊಂದಿಗೆ ಇನ್ಕಾಗ್ನಿಟೊ ಮರಳಿತು. ಅದರಲ್ಲಿ 'ಆಲ್ವೇಸ್ ದೇರ್' ಇತ್ತು.

ಮತ್ತೆ ಆ ದನಿ. ಜಾಸ್ಲಿನ್ ಬ್ರೌನ್ ಅಮೆರಿಕದವರು, ಚರ್ಚಿನಲ್ಲಿ ಹಾಡಿ ಬೆಳೆದ ಗಂಟಲು. 1984ರ 'ಸಮ್‌ಬಡಿ ಎಲ್ಸಸ್ ಗೈ' ಅವರ ಸ್ವಂತ ಹಾಡು. ಅದಕ್ಕೂ ಮೊದಲು ಡಿಸ್ಕೊ ಕಾಲದಲ್ಲಿ ಎಷ್ಟೋ ಗುಂಪುಗಳ ಹೆಸರಿನ ಹಿಂದೆ ನಿಂತು ಹಾಡಿದವರು. ಇನ್ನರ್ ಲೈಫ್ ಅಂಥ ಒಂದು ಗುಂಪು. 1981ರಲ್ಲಿ ಅವರ ಒಂದು ಹಾಡನ್ನು ನ್ಯೂಯಾರ್ಕಿನ ಪ್ಯಾರಡೈಸ್ ಗರಾಜ್ ಕ್ಲಬ್ಬಿನ ಡಿಜೆ ಲ್ಯಾರಿ ಲೆವನ್ ರೀಮಿಕ್ಸ್ ಮಾಡಿದ್ದರು. ಅಂದರೆ ಮೊರಾಲೆಸ್ ಕೈಗೆ ಬರುವ ಹತ್ತು ವರ್ಷ ಮೊದಲೇ ಈ ದನಿ ಕುಣಿತದ ಕೋಣೆಯನ್ನು ಬಲ್ಲದು. 1990ರಲ್ಲಿ ಅವರ ಹಳೆಯ ಹಾಡೊಂದರಿಂದ ಕತ್ತರಿಸಿಕೊಂಡ ಒಂದೇ ಒಂದು ಸಾಲು 'ದ ಪವರ್' ಅನ್ನುವ ಹಾಡಿನ ಗುರುತೇ ಆಗಿಹೋಯಿತು. ಜಗತ್ತೆಲ್ಲ ಆ ಸಾಲನ್ನು ಕೂಗಿತು, ಹಾಡಿದವರು ಯಾರು ಅಂತ ಕೇಳಿದವರು ಕಡಿಮೆ. ಹಾಗಾಗಿ ಮರುವರ್ಷದ ಈ ರೆಕಾರ್ಡಿನ ಲೇಬಲ್ ಮೇಲೆ ಬ್ಯಾಂಡಿನ ಹೆಸರಿನ ಜೊತೆಗೆ ಅವರ ಹೆಸರನ್ನೂ ನೋಡಿದಾಗ ನನಗೆ ನಿಜಕ್ಕೂ ಸಂತೋಷವಾಯಿತು. ದನಿಗೆ ಹೆಸರು ಇರಬೇಕು.

ಇನ್ನು ಮೊರಾಲೆಸ್. ಬ್ರೂಕ್ಲಿನ್ನಿನ ಹುಡುಗ. ಫ್ರ್ಯಾಂಕಿ ನಕಲ್ಸ್ ಜೊತೆ ಡೆಫ್ ಮಿಕ್ಸ್ ಅನ್ನುವ ರೀಮಿಕ್ಸ್ ತಂಡದಲ್ಲಿದ್ದವರು. ನಕಲ್ಸ್ ಶಿಕಾಗೊದ ವೇರ್‌ಹೌಸ್ ಕ್ಲಬ್ಬಿನಲ್ಲಿ ಹೌಸ್ ಅನ್ನುವ, ಸಮ ಪೆಟ್ಟಿನ ಕುಣಿತದ ಸಂಗೀತಕ್ಕೆ ನೆಲ ಹದ ಮಾಡಿದವರು. ಮುಂದೆ ರೀಮಿಕ್ಸ್ ಮಾಡುವವರಿಗೆ ಅಂತಲೇ ಗ್ರ್ಯಾಮಿ ಪ್ರಶಸ್ತಿ ಇಟ್ಟಾಗ 1998ರಲ್ಲಿ ಮೊದಲನೆಯದು ನಕಲ್ಸ್‌ಗೆ, ಮರುವರ್ಷದ್ದು ಮೊರಾಲೆಸ್‌ಗೆ ಬಂತು.

1976ಕ್ಕೂ 1991ಕ್ಕೂ ನಡುವೆ ರೀಮಿಕ್ಸ್ ಅನ್ನುವ ಕೆಲಸವೇ ಬದಲಾಗಿತ್ತು. ಮೋಲ್ಟನ್, ಗಿಬನ್ಸ್ ಕಾಲದಲ್ಲಿ ಬ್ಯಾಂಡು ನುಡಿಸಿದ್ದೇ ಎಲ್ಲ. ಸ್ಟುಡಿಯೊ ಟೇಪಿನಲ್ಲಿ ಡ್ರಮ್ ಒಂದು ಕಡೆ, ಬೇಸ್ ಒಂದು ಕಡೆ, ದನಿ ಒಂದು ಕಡೆ ಬೇರೆ ಬೇರೆ ಇರುತ್ತವೆ. ಅವನ್ನು ಏರಿಸಿ, ಇಳಿಸಿ, ಕೆಲವನ್ನು ಮುಚ್ಚಿ, ಟೇಪ್ ಕತ್ತರಿಸಿ ಉದ್ದ ಮಾಡುತ್ತಿದ್ದರು. ಮನೆ ಅದೇ, ಸಾಮಾನು ಜರುಗಿಸಿದ ಹಾಗೆ. 1980ರ ದಶಕದಲ್ಲಿ ಡ್ರಮ್ ಯಂತ್ರದ ಬಳಕೆ ಹೆಚ್ಚಿತು. ರೋಲ್ಯಾಂಡ್ ಕಂಪನಿಯ ಟಿಆರ್-909 ಬಂದದ್ದು 1983ರಲ್ಲಿ. ಸದ್ದಿನ ತುಣುಕನ್ನು ಹಿಡಿದಿಟ್ಟು ಮತ್ತೆ ಮತ್ತೆ ನುಡಿಸುವ ಸ್ಯಾಂಪ್ಲರ್ ಬಂತು. ಆಮೇಲೆ ರೀಮಿಕ್ಸ್ ಮಾಡುವವರು ದನಿಯನ್ನು ಮಾತ್ರ ಇಟ್ಟುಕೊಂಡು ಕೆಳಗಿನ ಮನೆಯನ್ನೇ ಹೊಸದಾಗಿ ಕಟ್ಟಬಹುದಾಯಿತು. ಪ್ರತಿ ಪೆಟ್ಟಿಗೂ ಕಿಕ್. ಒಂದು, ಎರಡು, ಮೂರು, ನಾಲ್ಕು, ಯಾವುದೂ ದೊಡ್ಡದಲ್ಲ, ಯಾವುದೂ ಚಿಕ್ಕದಲ್ಲ.

ಇದರಲ್ಲಿ ಕಳೆದುಹೋಗುವುದೂ ಇದೆ, ಅದನ್ನು ಮುಚ್ಚಿಡಲಾರೆ. 1975ರ ಡ್ರಮ್ಮರ್ ಒಂದು ಆವರ್ತದ ಒಳಗೇ ಸ್ವಲ್ಪ ಮುಂದೆ ವಾಲುತ್ತಾರೆ, ಸ್ವಲ್ಪ ಹಿಂದೆ ಕೂರುತ್ತಾರೆ. ಆ ವಾಲಾಟದಲ್ಲಿ ಮನುಷ್ಯನ ಮೈ ಇದೆ. ಯಂತ್ರದ ಕಿಕ್ಕಿಗೆ ಅದಿಲ್ಲ. ಸ್ಯಾಕ್ಸೊಫೋನ್ ಮೊದಲು ರಾಜನಾಗಿತ್ತು, ಕ್ಲಬ್ಬಿನಲ್ಲಿ ಆ ಪಟ್ಟ ದನಿಗೆ ಹೋಯಿತು. ರಾನಿ ಲಾಸ್ ಮೂಲದಲ್ಲಿ ರಾಗವನ್ನು ಬಿಟ್ಟು ಅಲೆದಾಡಿಕೊಂಡು ಬರುವ ಭಾಗ ನನಗೆ ಹಾಡಿನ ಜೀವ. ರೀಮಿಕ್ಸ್ ಕೇಳುವಾಗ ಅದು ಇಲ್ಲ ಅನ್ನುವುದು ಇವತ್ತಿಗೂ ಚುಚ್ಚುತ್ತದೆ. ಆದರೂ ಆ ಸಮ ಪೆಟ್ಟಿನ ಮೇಲೆ ಜಾಸ್ಲಿನ್ ಬ್ರೌನ್ ಏನು ಮಾಡುತ್ತಾರೆ ಕೇಳಿ. ಕೆಳಗಿನ ನೆಲ ಅಲುಗಾಡುವುದಿಲ್ಲ ಅಂತ ಗೊತ್ತಿರುವುದರಿಂದ ಅವರು ಪೆಟ್ಟಿಗಿಂತ ಹಿಂದೆ ಬೀಳಬಲ್ಲರು, ಹಾರಬಲ್ಲರು, ಒಂದು ಪದವನ್ನು ಎಲ್ಲಿ ಬೇಕಾದರೂ ಇಳಿಸಬಲ್ಲರು. ಡ್ರಮ್ಮರ್ ಮಾಡುತ್ತಿದ್ದ ವಾಲಾಟವನ್ನು ಈಗ ದನಿ ಮಾಡುತ್ತಿದೆ.

ಇದನ್ನು ಕಿವಿಯಿಂದ ಮಾತ್ರ ಒಪ್ಪಲು ಮನಸ್ಸಾಗದೆ ನಾನೇ ಒಂದು ಉದ್ದನೆಯ ಎಡಿಟ್ ಮಾಡಲು ಕೂತೆ. ಮಾರಲು ಅಲ್ಲ, ಹಂಚಲು ಅಲ್ಲ, ನನಗಾಗಿ. ಕಂಪ್ಯೂಟರಿನಲ್ಲಿ 1975ರ ಟ್ರ್ಯಾಕು ಹಾಕಿ, ಮೊದಲ ಪೆಟ್ಟು ಗುರುತಿಸಿ, ಕೆಳಗೆ ಒಂದು ಯಂತ್ರದ ಕಿಕ್ ಓಡಿಸಿದೆ. ಎಂಟು ಆವರ್ತ ಸರಿಯಾಗಿ ಹೋಯಿತು. ಹದಿನಾರಕ್ಕೆ ಬರುವಾಗ ಎರಡು ಪೆಟ್ಟು ಬೇರೆಯಾಗಿ ಕೇಳಿಸತೊಡಗಿದವು. ಮೂವತ್ತೆರಡಕ್ಕೆ ಎರಡು ಜೊತೆ ಕಾಲು ಬೇರೆ ಬೇರೆ ಕಡೆ ನಡೆದ ಹಾಗಾಯಿತು. ಮೊದಲು ಡ್ರಮ್ಮರನ್ನು ಯಂತ್ರಕ್ಕೆ ಹೊಂದಿಸಿದೆ. ಸಾಫ್ಟ್‌ವೇರ್ ಪ್ರತಿ ಪೆಟ್ಟನ್ನೂ ಎಳೆದು ಗೆರೆಗೆ ಕೂರಿಸಿತು. ಸರಿಯಾಯಿತು, ಆದರೆ ಸತ್ತುಹೋಯಿತು. ಬೇಸ್ ವಾದಕರು ಡ್ರಮ್ಮರಿಗೆ ಕಾಯುತ್ತಿದ್ದ ಸಣ್ಣ ಸಣ್ಣ ಕ್ಷಣಗಳೆಲ್ಲ ಹೋಗಿಬಿಟ್ಟಿದ್ದವು. ಎಲ್ಲವನ್ನೂ ಅಳಿಸಿದೆ.

ಎರಡನೇ ಸಲ ಉಲ್ಟಾ ಮಾಡಿದೆ. ಪ್ರತಿ ಆವರ್ತದ ಮೊದಲ ಪೆಟ್ಟು ಎಲ್ಲಿ ಬೀಳುತ್ತದೋ ಅಲ್ಲಿ ಗುರುತು ಹಾಕಿ, ಯಂತ್ರವೇ ಡ್ರಮ್ಮರನ್ನು ಹಿಂಬಾಲಿಸಲಿ ಅಂತ ಬಿಟ್ಟೆ. ಐದು ನಿಮಿಷದ ಹಾಡಿಗೆ ಮೂರು ರಾತ್ರಿ ಹಿಡಿಯಿತು. ಆ ಮೂರು ರಾತ್ರಿ ಒಬ್ಬ ಮನುಷ್ಯನ ಕೈಯನ್ನು ಅಷ್ಟು ಹತ್ತಿರದಿಂದ ನೋಡಿದೆ. ರಾಗ ಬರುವ ಮುಂಚೆ ಅವರು ಕೂದಲೆಳೆಯಷ್ಟು ಮುಂದೆ ಓಡುತ್ತಾರೆ. ಸ್ಯಾಕ್ಸೊಫೋನ್ ಬಂದ ಮೇಲೆ ನೆಮ್ಮದಿಯಾಗಿ ಕೂರುತ್ತಾರೆ. ಅದನ್ನು ಕೇಳಿದ್ದೆ, ಕಂಡಿರಲಿಲ್ಲ. ನಂತರ ಮೊದಲಿಗೆ 32 ಆವರ್ತ ಬರೀ ಡ್ರಮ್, ಕೊನೆಗೆ 32. ನಡುವೆ ಸ್ಯಾಕ್ಸೊಫೋನ್ ಅಲೆದಾಡುವ ಭಾಗದಲ್ಲಿ ಒಂದು ಸ್ವರವನ್ನೂ ಮುಟ್ಟಲಿಲ್ಲ. ಅಲ್ಲಿ ಯಂತ್ರದ ಕಿಕ್ಕನ್ನೇ ತೆಗೆದುಬಿಟ್ಟೆ.

ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವ ಗೆಳೆಯನೊಬ್ಬ ಇದ್ದಾನೆ. ಹೊಸ ಸ್ಪೀಕರುಗಳನ್ನು ಗೋಡೌನಿನಲ್ಲಿ ಪರೀಕ್ಷೆ ಮಾಡುತ್ತಿದ್ದೇನೆ, ಬಾ ಅಂದ. ಅಕ್ಕನನ್ನೂ ಕರೆದುಕೊಂಡು ಹೋದೆ. ಎದೆಯೆತ್ತರದ ಎರಡು ಸಬ್‌ವೂಫರ್. ಮೊದಲು ಮೊರಾಲೆಸ್ ಮಿಕ್ಸ್ ಹಾಕಿಸಿದೆ. ಇಷ್ಟು ವರ್ಷ ಹೆಡ್‌ಫೋನಿನಲ್ಲಿ 'ಟಕ್ ಟಕ್' ಅಂತಿದ್ದ ಆ ಕಿಕ್ಕು ಅಂಗಾಲಿನಿಂದ ಒಳಗೆ ಬಂತು. ಅದು ಕೇಳಲು ಇರುವುದೇ ಅಲ್ಲ, ನಿಲ್ಲಲು ಇರುವುದು. ಉದ್ದನೆಯ ಪೀಠಿಕೆ ಉದ್ದ ಅನ್ನಿಸಲೇ ಇಲ್ಲ. ಮೈ ಪೆಟ್ಟಿಗೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕೇ ಬೇಕು. ಅಕ್ಕ ಚೀಲವನ್ನು ಒಂದು ಡಬ್ಬಿಯ ಮೇಲಿಟ್ಟು, ಕಣ್ಣು ಮುಚ್ಚಿ ಭುಜ ಆಡಿಸುತ್ತಿದ್ದಳು. ಕ್ಯಾಸೆಟ್ ಮುಗಿಯುತ್ತಿದ್ದ ಆ ಜಾಗ ಬಂತು. ನನ್ನ ಮೈ ಆ ಟಪ್‌ಗೆ ಕಾದಿತ್ತು. ದನಿ ಮೇಲೇರಿ ಮುಂದಕ್ಕೆ ಹೋಯಿತು. ಅಕ್ಕ ಕಣ್ಣು ತೆರೆದು ನನ್ನ ಕಡೆ ನೋಡಿದಳು. ಅವಳಿಗೂ ಆ ಜಾಗ ನೆನಪಿತ್ತು.

"ಮುಂದಿನದೂ ಬಿಡಲಾ?" ಅಂತ ಗೆಳೆಯ ಕೂಗಿದ.

ಮುಂದಿನದು ನನ್ನ ಎಡಿಟ್. ಮೊರಾಲೆಸ್ ಮಿಕ್ಸಿನ ಡ್ರಮ್ ಇನ್ನೂ ಓಡುತ್ತಿರುವಾಗಲೇ ಅವನು 1975ರ ಡ್ರಮ್ಮರನ್ನು ಮೆಲ್ಲಗೆ ಒಳಗೆ ತಂದ. ವೇಗದ ಗುಂಡಿಯ ಮೇಲೆ ಬೆರಳಿಟ್ಟು, ಆ ವಾಲಾಟವನ್ನು ಹಿಂಬಾಲಿಸುತ್ತಾ, ಒಂದು ನಿಮಿಷ ಎರಡನ್ನೂ ಜೊತೆಗೆ ಹಿಡಿದ. ಆಮೇಲೆ ಯಂತ್ರ ಹಿಂದೆ ಸರಿಯಿತು. ಸ್ಯಾಕ್ಸೊಫೋನ್ ಬಂತು.

"ಇದು ಅದೇ ಹಾಡು ಅಲ್ವೇನೋ?" ಅಂದಳು ಅಕ್ಕ.

"ಹೂಂ ಅಕ್ಕಾ."

"ಇವರು ಹಾಡ್ತಾ ಇಲ್ವಲ್ಲ. ಆದರೂ ನಂಗೆ ಮಾತು ಕೇಳ್ಸ್ತಾ ಇದೆ."